ನಾಲ್ಕನೆಯವರಿಲ್ಲದ ಫೋಟೋ

ನಮ್ಮ ಮನೆಯಲ್ಲಿ ಇರುವುದು ಮೂರೇ ಜನ, ಅಪ್ಪ, ಅಮ್ಮ ಮತ್ತು ನಾನು. ಆದರೆ ನಮ್ಮ ಆಲ್ಬಮ್ಮು ತೆಗೆದು ನೋಡಿದವರು ನಾವು ನಾಲ್ಕು ಜನ ಎಂದೇ ತಿಳಿಯಬೇಕು, ಅದೂ ನಾಲ್ಕನೆಯವರು ಪ್ರತಿ ಸಲವೂ ಬೇರೆ. ನನ್ನ ನಾಮಕರಣದ ಫೋಟೋದಲ್ಲಿ ನಮ್ಮ ಪಕ್ಕ ಹಾಲು ಹಾಕುವವನು ಕ್ಯಾನಿನ ಸಮೇತ ನಿಂತಿದ್ದಾನೆ. ನಾನು ಮೊದಲ ದಿನ ಶಾಲೆಗೆ ಹೊರಟಾಗಿನದರಲ್ಲಿ ಒಂದು ಬೂದುಗುಂಬಳಕಾಯಿ ಇದೆ. ಅದಕ್ಕೆ ಕೂರಲು ಕುರ್ಚಿ ಕೊಟ್ಟಿದ್ದಾರೆ, ನನಗೆ ಕೊಟ್ಟಿಲ್ಲ. ಎಸ್ಸೆಸ್ಸೆಲ್ಸಿ ಪಾಸಾದಾಗ ಸ್ಟುಡಿಯೋಗೆ ಹೋದೆವು. ಅಲ್ಲಿ ಯಾರೂ ಸಿಗಲಿಲ್ಲವೆಂದು ಅಪ್ಪ ರಸ್ತೆಯಲ್ಲಿ ತಮ್ಮ ಪಾಡಿಗೆ ಹೋಗುತ್ತಿದ್ದವರೊಬ್ಬರನ್ನು ಕೈಹಿಡಿದು ಕರೆತಂದ. ಅವರು ಯಾರೆಂದು ನಮಗೆ ಇವತ್ತಿಗೂ ಗೊತ್ತಿಲ್ಲ. ಫೋಟೋದಲ್ಲಿ ನಮ್ಮ ಮೂವರಿಗಿಂತ ಅವರೇ ಚೆನ್ನಾಗಿ ಬಂದಿದ್ದಾರೆ.

ಮೂರು ಜನ ನಿಂತು ಫೋಟೋ ತೆಗೆಸಿಕೊಳ್ಳಬಾರದು ಎನ್ನುವುದು ಹೊಸ ಮಾತೇನಲ್ಲ. ಮೂವರು ಸೇರಿ ಹೆಣ್ಣು ನೋಡಲು ಹೊರಟರೆ ಜೇಬಿಗೊಂದು ಕಲ್ಲು ಹಾಕಿಕೊಂಡು ನಾಲ್ವರಾಗುವ ಜನ ನಾವು. ಫೋಟೋ ವಿಷಯದಲ್ಲಿ ನಡುವೆ ನಿಂತವರಿಗೆ ಕಂಟಕ ಎಂದು ಅಜ್ಜಿ ಹೇಳುತ್ತಿದ್ದಳು. ಬೇರೆಯವರ ಮನೆಯಲ್ಲಿ ಇದನ್ನು ಹೇಳಿ ನಕ್ಕುಬಿಡುತ್ತಾರೆ. ನಮ್ಮ ಮನೆಯಲ್ಲಿ ನಗುವ ಹಾಗಿರಲಿಲ್ಲ. ಅಪ್ಪ ಮಿಲಿಟರಿಯಲ್ಲಿದ್ದಾಗ, ಯುದ್ಧದ ಹೊತ್ತಿನಲ್ಲಿ, ಮೂವರು ಗೆಳೆಯರ ಫೋಟೋ ತೆಗೆದಿದ್ದ. ಅವತ್ತೊಂದು ದಿನ ನಾಲ್ಕನೆಯದನ್ನು ಸೇರಿಸಲು ಮರೆತಿದ್ದ. ನಡುವೆ ನಿಂತಿದ್ದವನು ಊರಿಗೆ ವಾಪಸ್ ಬರಲಿಲ್ಲ.

ಇದನ್ನು ನನಗೆ ಹೇಳಿದವಳು ಅಮ್ಮ. ಅಪ್ಪ ಅವಳಿಗೆ ಮದುವೆಯಾದ ಹೊಸದರಲ್ಲಿ ಒಂದೇ ಒಂದು ಸಲ ಹೇಳಿದ್ದನಂತೆ. "ನಾನ್ ಏನೋ ಪ್ರೀತಿ ಮಾತಾಡ್ತಾರೆ ಅಂತ ಕಾಯ್ತಾ ಕೂತಿದ್ರೆ ಈ ಮನುಷ್ಯ ಸತ್ತವರ ಕಥೆ ತೆಗೆದ್ರು ಕಣೇ," ಎಂದು ಅಮ್ಮ ಈಗಲೂ ಆ ವಿಷಯಕ್ಕೆ ಮುಖ ಸಿಂಡರಿಸುತ್ತಾಳೆ.

ಅಪ್ಪ ಪಟಾಲಮ್ಮಿನಲ್ಲಿ ಲಾರಿ ಓಡಿಸುತ್ತಿದ್ದ. ರೇಷನ್ನು, ಸೀಮೆಎಣ್ಣೆ, ಕಂಬಳಿ, ಈರುಳ್ಳಿ, ಇವನ್ನು ಮುಂದಿನ ಕ್ಯಾಂಪುಗಳಿಗೆ ಮುಟ್ಟಿಸುವುದು ಅವನ ಯುದ್ಧ. ಅಲ್ಲಿ ನಮ್ಮ ಕಡೆಯವರು ಒಬ್ಬರನ್ನೊಬ್ಬರು ಹೆಸರು ಹಿಡಿದು ಕರೆಯುತ್ತಿರಲಿಲ್ಲ, ಊರು ಹಿಡಿದು ಕರೆಯುತ್ತಿದ್ದರು. ಅಪ್ಪ ನೆಲಮಂಗಲ. ಅವನ ಜೊತೆ ಲಾರಿ ಓಡಿಸುತ್ತಿದ್ದವರು ಹಾಸನ, ಬಿಜಾಪುರ ಮತ್ತು ಸೇಲಂ. ಸೇಲಂನವರ ಸಂಪರ್ಕ ಎಂದೋ ತಪ್ಪಿಹೋಯಿತು. ಹಾಸನ ಮಾತ್ರ ಇವತ್ತಿಗೂ ಪ್ರತಿ ಭಾನುವಾರ ಫೋನ್ ಮಾಡಿ, ಲಾರಿಯ ಇಂಜಿನ್ನಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದವರಂತೆ ಕಿರುಚುತ್ತಾರೆ. ನಡುವೆ ನಿಂತವನು, ಬರದೇ ಹೋದವನು, ಬಿಜಾಪುರ. ಫೋಟೋ ತೆಗೆದ ವಾರದಲ್ಲೇ ಅವನ ಲಾರಿ ರಸ್ತೆಯಲ್ಲಿ ಹೂತಿಟ್ಟಿದ್ದ ಮೈನಿನ ಮೇಲೆ ಹೋಯಿತು.

ಅಷ್ಟರಲ್ಲಾಗಲೇ ಅಪ್ಪ ಫಿಲ್ಮ್ ರೋಲುಗಳನ್ನು ಹತ್ತಿರದ ಪಟ್ಟಣದ ಸ್ಟುಡಿಯೋಗೆ ತೊಳೆಯಲು ಕೊಟ್ಟಾಗಿತ್ತು. ಆಮೇಲೆ ಹೋಗಿ ನೆಗೆಟಿವ್ ಮಾತ್ರ ತಂದ. ಪ್ರಿಂಟ್ ಹಾಕಿಸಲಿಲ್ಲ. ಬೆಳಕಿಗೆ ಹಿಡಿದೂ ನೋಡಲಿಲ್ಲ. ಒಂದು ಪೌಡರ್ ಡಬ್ಬಿಯಲ್ಲಿ ಸುತ್ತಿಟ್ಟು ತನ್ನ ಕಪ್ಪು ಟ್ರಂಕಿನ ತಳಕ್ಕೆ ಹಾಕಿದ. ನಾಗಸಂದ್ರದಲ್ಲಿ ಮನೆ ಕಟ್ಟಿಸಿದಾಗ ಟ್ರಂಕು ಬಂತು, ಡಬ್ಬಿಯೂ ಬಂತು. ಕ್ಯಾಮರಾವನ್ನು ಯಾರಿಗೋ ಕೊಟ್ಟುಬಿಟ್ಟಿದ್ದ. ಮಿಲಿಟರಿ ಬಿಟ್ಟ ಮೇಲೆ ಇಲ್ಲೇ ಸರ್ಕಾರಿ ಕಾರ್ಖಾನೆಯೊಂದರ ಬಸ್ಸು ಓಡಿಸಿ ನಿವೃತ್ತನಾದ. ಕೆಳಗಿನ ರೂಮುಗಳನ್ನು ಬಾಡಿಗೆಗೆ ಕೊಡುವಾಗ ಬಿಜಾಪುರ ಕಡೆಯವರಿಗೆ ಬಿಟ್ಟು ಬೇರೆ ಯಾರಿಗೂ ಕೊಡುವುದಿಲ್ಲ. ಅದು ಯಾಕೆಂದು ನಾವೂ ಕೇಳುವುದಿಲ್ಲ. ಈಗ ಅಲ್ಲಿರುವವಳು ಪೀಣ್ಯದ ಗಾರ್ಮೆಂಟ್ಸಿನಲ್ಲಿ ಹೊಲಿಗೆ ಮಾಡುವ ಹೆಂಗಸು. ಶೇಂಗಾ ಚಟ್ನಿ ಮಾಡಿದಾಗಲೆಲ್ಲ ಒಂದು ಬಟ್ಟಲು ಮೇಲೆ ತಂದುಕೊಡುತ್ತಾಳೆ. ಅಪ್ಪ ಅದನ್ನು ಪ್ರಸಾದ ತೆಗೆದುಕೊಂಡಂತೆ ಎರಡೂ ಕೈ ಒಡ್ಡಿ ತೆಗೆದುಕೊಳ್ಳುತ್ತಾನೆ.

ನಾನು ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಕ್ವಾಲಿಟಿ ವಿಭಾಗದಲ್ಲಿದ್ದೇನೆ. ಬೆಳಿಗ್ಗೆಯಿಂದ ಸಂಜೆಯವರೆಗೆ ಬೇರೆಯವರು ಮಾಡಿದ್ದನ್ನು ಅಳೆದು ನೋಡಿ ಸರಿಯಿಲ್ಲ ಎನ್ನುವುದು ನನ್ನ ಕೆಲಸ. ಮನೆಗೆ ಬಂದ ಮೇಲೂ ಆ ಚಟ ಬಿಡುವುದಿಲ್ಲ ಎಂಬುದು ಅಮ್ಮನ ದೂರು. ಫೋಟೋದಿಂದ ಮನುಷ್ಯರು ಸಾಯುತ್ತಾರೆ ಎಂಬುದನ್ನು ನಾನು ಎಂದೂ ನಂಬಿದವಳಲ್ಲ. ಆದರೆ ಅಪ್ಪ ನಂಬಿದ್ದ. ತಾನೇ ಒಬ್ಬನನ್ನು ನಡುವೆ ನಿಲ್ಲಿಸಿ ಸಾಯಿಸಿದೆ ಎಂದು ನಂಬಿಕೊಂಡ ಮನುಷ್ಯನ ಎದುರು ವಾದ ಮಾಡಲು ನನಗೆ ಬಾಯಿ ಬರುತ್ತಿರಲಿಲ್ಲ. ಆ ಡಬ್ಬಿ ಅಲ್ಲೇ ಇತ್ತು, ಅಪ್ಪ ಇಲ್ಲೇ ಇದ್ದ. ಹಾಗೇ ಇರುತ್ತಿತ್ತೋ ಏನೋ, ನಮ್ಮ ಬಡಾವಣೆಯ ಸಂಘದ ಅಧ್ಯಕ್ಷರು ಬರದೇ ಇದ್ದಿದ್ದರೆ.

ಅಧ್ಯಕ್ಷರು ನಮ್ಮ ಬೀದಿಯ ತುದಿಯಲ್ಲಿ ವೆಲ್ಡಿಂಗ್ ಶಾಪ್ ಇಟ್ಟುಕೊಂಡವರು. ರಾಜ್ಯೋತ್ಸವಕ್ಕೆ ಒಂದು ತಿಂಗಳು ಮೊದಲು ಬಂದು ಸೋಫಾದ ತುದಿಯಲ್ಲಿ ಕೂತರು. "ಸಾರ್, ಈ ಸಲ ನಿಮಗೆ ಸನ್ಮಾನ. ಯುದ್ಧ ಮಾಡಿದೋರು ನಮ್ಮ ರೋಡಲ್ಲೇ ಇದಾರೆ ಅಂತ ಮೊನ್ನೆ ಗೊತ್ತಾಯ್ತು. ದೊಡ್ಡ ಫ್ಲೆಕ್ಸ್ ಹಾಕ್ಸೋಣ. ಒಂದು ಯುದ್ಧದ್ ಫೋಟೋ ಕೊಡಿ ಸಾರ್. ಕೈಯಲ್ಲಿ ಗನ್ ಇರ್ಬೇಕು."

"ಫೋಟೋ ಇಲ್ಲ," ಅಂದ ಅಪ್ಪ.

"ಇದೆ," ಅಂದಳು ಅಮ್ಮ ಅಡುಗೆಮನೆಯಿಂದ.

ಅಮ್ಮನಿಗೆ ಆ ಡಬ್ಬಿಯ ಮೇಲೆ ಬಹಳ ದಿನದ ಸಿಟ್ಟು. ಮನೆಯಲ್ಲಿ ಸತ್ತವನೊಬ್ಬ ಬಾಡಿಗೆ ಕೊಡದೆ ಟ್ರಂಕಿನಲ್ಲಿ ವಾಸ ಮಾಡಿಕೊಂಡಿದ್ದಾನೆ ಎಂದು ಅವಳ ಲೆಕ್ಕ. ಅಧ್ಯಕ್ಷರು ಹೋದ ಮೇಲೆ ಇಬ್ಬರಿಗೂ ಸಣ್ಣದೊಂದು ಜಗಳವಾಯಿತು. ಜಗಳದ ಕೊನೆಗೆ ಅಪ್ಪ ಡಬ್ಬಿ ತಂದು ನನ್ನ ಮುಂದೆ ಇಟ್ಟ. "ಮಾಡುಸ್ಕೊಂಬಾ ಓಗು. ನಿಮ್ಮಮ್ಮನ ಬಾಯಿಗೆ ಹೆದರಿ ಕೊಡ್ತಾ ಇವ್ನಿ. ಆದ್ರೆ ಕಡೇದು ಬ್ಯಾಡ. ಕಡೇ ಪಟ್ಟೀಲಿ ಕಡೇದು. ಅದನ್ನ ಮುಟ್ಟಬಾರ್ದು ಅಂತ ಏಳು. ಆಮ್ಯಾಕೆ ನಾನು ನೋಡೋಗಂಟ ಯಾರೂ ನೋಡಂಗಿಲ್ಲ." ಕಡೇದು ಎಂದರೆ ಯಾವುದೆಂದು ಕೇಳುವ ಅಗತ್ಯ ನನಗಿರಲಿಲ್ಲ.

ಯಾರೂ ನೋಡಬಾರದು ಎಂದ ಮೇಲೆ ಅಮ್ಮ ಸುಮ್ಮನಿರುತ್ತಾಳೆಯೇ? ಅಪ್ಪ ಸ್ನಾನಕ್ಕೆ ಹೋದಾಗ ಒಂದು ಪಟ್ಟಿಯನ್ನು ಟ್ಯೂಬ್‌ಲೈಟಿಗೆ ಹಿಡಿದು ನೋಡಿ ಗಾಬರಿಯಾದಳು. "ಅಯ್ಯೋ, ಎಲ್ಲಾ ದೆವ್ವಗಳ ಥರ ಇದಾರಲ್ಲೇ! ಹಲ್ಲು ಕಪ್ಪು, ಕೂದಲು ಬೆಳ್ಳಗೆ!" ನೆಗೆಟಿವ್ ಎಂದರೆ ಹಾಗೇ ಇರುವುದು ಎಂದು ಹೇಳಿದರೂ ಅವತ್ತಿಡೀ ಆ ಡಬ್ಬಿಯನ್ನು ದೇವರ ಕೋಣೆಯ ಹತ್ತಿರ ಇಡಲು ಬಿಡಲಿಲ್ಲ.

ದಾಸರಹಳ್ಳಿಯಲ್ಲಿ ಒಂದು ಹಳೇ ಸ್ಟುಡಿಯೋ ಇದೆ. ಅದರ ಯಜಮಾನರು ಪಾಸ್‌ಪೋರ್ಟ್ ಫೋಟೋ ತೆಗೆಯುವಾಗ ಗಿರಾಕಿಗಳಿಗೆ ಬೈದು ಬೈದು ಹೆಸರಾದವರು. ನೆಗೆಟಿವ್ ಕಂಡ ತಕ್ಷಣ ಅವರ ಮುಖ ಅರಳಿತು. ಧೂಳು ಹಿಡಿದ ಸ್ಕ್ಯಾನರನ್ನು ಮೇಜಿನಡಿಯಿಂದ ಎಳೆದು, ಎಲ್ಲ ಪೆನ್ ಡ್ರೈವಿಗೆ ಹಾಕಿಕೊಡುತ್ತೇನೆ ಎಂದರು. ಕೊನೆಯ ಒಂದನ್ನು ಬಿಡಬೇಕೆಂದು ನಾನು ಬಿಡಿಸಿ ಬಿಡಿಸಿ ಹೇಳಿದೆ. "ಆಯ್ತು ಮೇಡಂ, ಬಿಟ್ಬಿಡ್ತೀನಿ," ಅಂದರು. ಬಿಡಲಿಲ್ಲ. ಅದು ನಮಗೆ ಆಮೇಲೆ ಗೊತ್ತಾಯಿತು.

ಎರಡು ದಿನ ಬಿಟ್ಟು ಅವರದೇ ಫೋನು. "ಮೇಡಂ, ಇದು ಯುದ್ಧದ್ದೇನಾ? ನನಗ್ಯಾಕೋ ಪಿಕ್ನಿಕ್ ಥರ ಕಾಣ್ತಿದೆ."

"ಗನ್ ಇರೋದು ಯಾವ್ದಾದ್ರೂ ಇದೆಯಾ ನೋಡಿ."

"ಗನ್ ಇಲ್ಲ. ಮೇಕೆ ಇದೆ."

"ನಮ್ಮಪ್ಪ ಇದಾರಾ? ಸಣ್ಣಗೆ, ಉದ್ದ ಮೂಗು?"

"ಫೋಟೋ ತೆಗೆದೋರು ಯಾರು?"

"ಅಪ್ಪ."

"ಮತ್ತೆ ಅವ್ರು ಅದ್ರೊಳಗೆ ಹೇಗಿರ್ತಾರೆ ಮೇಡಂ?" ಎಂದು ನನಗೂ ಒಂದು ಸಲ ಬೈದರು. ಇಷ್ಟು ಸರಳ ವಿಷಯ ನಮ್ಮ ಮನೆಯಲ್ಲಿ ಯಾರಿಗೂ ಹೊಳೆದಿರಲಿಲ್ಲ.

ಅಧ್ಯಕ್ಷರಿಗೆ ವಿಷಯ ತಿಳಿಸಿದೆ. ಅವರಿಗೆ ನಂಬಲಾಗಲಿಲ್ಲ. "ಒಂದೂ ಗನ್ ಇಲ್ವಾ ಮೇಡಂ? ಮಿಲಿಟರಿ ಅಲ್ವಾ ಅದು?"

"ಲಾರಿಗಳು ಇವೆಯಂತೆ. ಬೇಕಾದಷ್ಟು."

"ಲಾರಿ ನಮ್ ಪೀಣ್ಯದಲ್ಲೇ ಇದಾವಲ್ಲ ಮೇಡಂ," ಎಂದು ನೊಂದುಕೊಂಡರು. ಆಮೇಲೆ ಅವರೇ ಸಮಾಧಾನ ಮಾಡಿಕೊಂಡು, "ಬಿಡಿ, ಸಾರ್‌ದು ಈಗಿನ ಫೋಟೋನೇ ಒಂದು ಕಳಿಸಿ. ಮಿಕ್ಕಿದ್ದು ನಾನ್ ನೋಡ್ಕೋತೀನಿ," ಅಂದರು.

ಅವರು ನೋಡಿಕೊಂಡದ್ದನ್ನು ಇಡೀ ನಾಗಸಂದ್ರ ನೋಡಿತು. ಮೆಟ್ರೋ ಸ್ಟೇಷನ್ನಿಗೆ ಹೋಗುವ ರಸ್ತೆಯಲ್ಲಿ ಎರಡಾಳು ಎತ್ತರದ ಫ್ಲೆಕ್ಸು. ಅದರಲ್ಲಿ ಅಪ್ಪನ ಬೋಳುತಲೆ, ಅಪ್ಪನ ಕನ್ನಡಕ, ಅಪ್ಪನ ಕಿವಿಯ ಕೂದಲು ಎಲ್ಲ ಯಥಾವತ್ತಾಗಿದ್ದವು. ಕುತ್ತಿಗೆಯಿಂದ ಕೆಳಗೆ ಮಾತ್ರ ಯಾವನೋ ಪೈಲ್ವಾನ. ತೋಳಿಲ್ಲದ ಅಂಗಿ ತೊಟ್ಟು, ಎರಡು ಕೈಗೆ ಎರಡು ಮೆಷಿನ್ ಗನ್ ಹಿಡಿದು ನಿಂತಿದ್ದಾನೆ. ಹಿಂದೆ ಬೆಂಕಿ, ಮೇಲೆ ಹೆಲಿಕಾಪ್ಟರು. ಒಂದು ಮೂಲೆಯಲ್ಲಿ ಅಧ್ಯಕ್ಷರು ಕೈಮುಗಿದು ನಿಂತಿದ್ದರು, ಹೆಲಿಕಾಪ್ಟರಿಗಿಂತ ದೊಡ್ಡದಾಗಿ. ಕೆಳಗಿನ ಮನೆಯ ಹೆಂಗಸು ಕೆಲಸದಿಂದ ಬಂದವಳೇ ಮೇಲೆ ಓಡಿಬಂದಳು. "ಅಜ್ಜಾರ, ರೋಡಿನಾಗ ನಿಂತಾರಲ್ರೀ, ಅವ್ರು ನೀವ ಏನ್ರೀ? ಮಾರಿ ನಿಮ್ದೈತಿ, ಮೈ ಯಾರ್ದರೀ?"

ಅಪ್ಪ ಅವತ್ತಿನಿಂದ ಹಾಲು ತರಲು ಹಿಂದಿನ ರಸ್ತೆಯಲ್ಲಿ ಸುತ್ತು ಹಾಕಿಕೊಂಡು ಹೋಗತೊಡಗಿದ. ಸನ್ಮಾನದ ದಿನ ಶಾಲು ಹೊದಿಸಿ, ಪೇಟ ತೊಡಿಸಿ, ಹಣ್ಣಿನ ಬುಟ್ಟಿ ಕೊಟ್ಟರು. ಪೇಟ ದೊಡ್ಡದಾಗಿ ಕಣ್ಣಿನವರೆಗೆ ಇಳಿದುಕೊಂಡಿತ್ತು. ಮೈಕು ಹಿಡಿದಿದ್ದ ಅಧ್ಯಕ್ಷರು, "ಸಾರ್, ಎಷ್ಟ್ ಜನ ಶತ್ರುಗಳನ್ನ ಹೊಡೆದ್ರಿ? ನಮ್ ಯುವಕರಿಗೆ ಸ್ಫೂರ್ತಿ ಬರೋ ಥರ ಹೇಳಿ," ಎಂದು ಕೇಳಿದರು. ಅಪ್ಪ ಪೇಟವನ್ನು ಮೇಲೆ ಸರಿಸಿ, ಸ್ವಲ್ಪ ಹೊತ್ತು ಯೋಚಿಸಿದ.

"ಒಂದ್ ಎಮ್ಮೆಗೆ ಗುದ್ದಿದ್ದೆ," ಅಂದ ಮೈಕಿನಲ್ಲಿ. "ಅದೂ ಬದುಕ್ಕಂತು."

ಜನ ಚಪ್ಪಾಳೆ ತಟ್ಟಿದರು. ನನಗೆ ನಗು ತಡೆಯಲಾಗದೆ ಅಮ್ಮನ ಸೆರಗಿನ ಹಿಂದೆ ಮುಖ ಮುಚ್ಚಿಕೊಂಡೆ. ಆದರೆ ಅಪ್ಪ ನಗುತ್ತಿರಲಿಲ್ಲ. ಮನೆಗೆ ಬಂದು ಶಾಲು ಮಡಿಸಿಡುತ್ತಾ, "ಆ ಪೈಲ್ವಾನನ್ನ ಎಲ್ರೂ ನೋಡ್ತಾವ್ರೆ, ನನ್ ಜೊತೇಲಿ ಇದ್ದೋರನ್ನ ಯಾರೂ ನೋಡ್ಲಿಲ್ಲ," ಅಂದ. ಆಮೇಲೆ ನನ್ನ ಕಡೆ ತಿರುಗಿದ. "ಅದ್ಯಾವ್ದೋ ಪೆನ್ನು ಅಂದ್ಯಲ್ಲ, ಭಾನ್ವಾರ ಹಾಕು. ಕಡೇದಂತೂ ಇಲ್ವಲ್ಲ?"

"ಇಲ್ಲ ಅಪ್ಪಾ," ಅಂದೆ. ಸ್ಟುಡಿಯೋದವರ ಮಾತನ್ನು ನಾನು ನಂಬಿದ್ದೆ. ದಿನಾ ಫ್ಯಾಕ್ಟರಿಯಲ್ಲಿ ಯಾರನ್ನೂ ನಂಬದೆ ಪ್ರತಿಯೊಂದನ್ನೂ ಅಳೆಯುವವಳು ಅವತ್ತು ಅಳೆಯಲಿಲ್ಲ.

ಭಾನುವಾರ ಮಧ್ಯಾಹ್ನ ಊಟ ಮುಗಿಸಿ ಟೀವಿಯ ಮುಂದೆ ಕೂತೆವು. ಕೆಳಗಿನ ಮನೆಯವಳನ್ನು ಅಪ್ಪನೇ ಕೂಗಿ ಕರೆದ. ನಾವು ಮೂವರಾಗುತ್ತೇವೆ ಎಂದೋ ಅಥವಾ ಅವಳು ಬಿಜಾಪುರದವಳು ಎಂದೋ ಗೊತ್ತಿಲ್ಲ. ನಾನು ಪೆನ್ ಡ್ರೈವ್ ಸಿಕ್ಕಿಸಿ ಏನೋ ಒತ್ತಿದೆ. ಚಿತ್ರಗಳು ತಾವಾಗಿಯೇ ಒಂದಾದ ಮೇಲೊಂದು ಬರತೊಡಗಿದವು.

ಮೊದಲನೆಯದರಲ್ಲಿ ಒಬ್ಬ ಎಣ್ಣೆ ಡ್ರಮ್ಮಿನ ಮೇಲೆ ಕೂತು ಕಟಿಂಗ್ ಮಾಡಿಸಿಕೊಳ್ಳುತ್ತಿದ್ದ. ಇನ್ನೊಬ್ಬ ಅವನಿಗೆ ಕನ್ನಡಿ ಹಿಡಿದಿದ್ದ, ಎಷ್ಟು ಕೆಳಗೆಂದರೆ ಅದರಲ್ಲಿ ಕಾಣುತ್ತಿದ್ದದ್ದು ಹೊಟ್ಟೆ ಮಾತ್ರ. ಕತ್ತರಿ ಹಿಡಿದವನು ಸೇಲಂ. "ಅವ್ನು ಬಾರ್ಬರ್ರೇ ಅಲ್ಲ," ಅಂದ ಅಪ್ಪ. "ಕತ್ತರಿ ಅವನ ಹತ್ರ ಇತ್ತು, ಅದ್ಕೇ ಎಲ್ರೂ ತಲೆ ಕೊಡ್ತಿದ್ವಿ." ಎರಡನೆಯದರಲ್ಲಿ ಒಗೆದ ಕಾಲುಚೀಲಗಳ ಉದ್ದನೆಯ ಸಾಲು. ಅದರ ಹಿಂದೆ ನಾಲ್ಕಾರು ಜನ ಚೀಲಗಳಿಗೆ ಸಲ್ಯೂಟ್ ಹೊಡೆಯುತ್ತಿದ್ದರು. ಮೂರನೆಯದರಲ್ಲಿ ಮೂವರು ಲಾರಿಗೆ ಒರಗಿ ನಿಂತಿದ್ದರು, ನಾಲ್ಕನೆಯದಾಗಿ ತಲೆಗೆ ಹೆಲ್ಮೆಟ್ಟು ಹಾಕಿಸಿಕೊಂಡ ಒಂದು ಮೇಕೆ. ಮೂವರೂ ಕಣ್ಣು ಮುಚ್ಚಿಬಿಟ್ಟಿದ್ದಾರೆ. ನೆಟ್ಟಗೆ ಕ್ಯಾಮರಾ ನೋಡುತ್ತಿರುವುದು ಮೇಕೆಯೊಂದೇ.

ಆಮೇಲೆ ಬಂದವನ್ನೆಲ್ಲ ನೋಡಿ ನಾವು ಹೊಟ್ಟೆ ಹಿಡಿದುಕೊಂಡೆವು. ಎಲ್ಲೆಲ್ಲಿ ಮೂವರಿದ್ದರೋ ಅಲ್ಲೆಲ್ಲ ಒಂದು ನಾಲ್ಕನೆಯದು. ಈರುಳ್ಳಿ ಹೆಚ್ಚಿ ಅಳುತ್ತಿರುವ ಮೂವರ ಪಕ್ಕ ಟೋಪಿ ಹಾಕಿದ ದೊಡ್ಡ ಡೇಕ್ಸಾ ಪಾತ್ರೆ. ಪರೋಟ ತಿನ್ನುವ ಮೂವರ ಪಕ್ಕ ಸ್ವೆಟರ್ ತೊಡಿಸಿ ಮೀಸೆ ಬರೆದ ತಲೆದಿಂಬು, ಅದರ ಹೆಗಲ ಮೇಲೆ ಹಾಸನದವರ ಕೈ. ಒಂದರಲ್ಲಿ ಬಾನೆಟ್ಟಿನ ಮೇಲೆ ಒಂದು ಜೊತೆ ಬೂಟು ಇಟ್ಟಿದ್ದರು. ಜೊತೆ ಎಂದರೆ ಒಂದೋ ಎರಡೋ ಎಂದು ಅಮ್ಮ ಕೇಳಿದಳು. "ನಾವೂ ಅವತ್ತು ಅದನ್ನೇ ಜಗಳ ಆಡಿದ್ವಿ," ಅಂದ ಅಪ್ಪ. "ಎರಡಾದ್ರೆ ಐದಾಗ್ತದೆ, ಐದಕ್ಕೆ ದೋಷ ಇಲ್ಲ ಅಂತ ಬಿಜಾಪುರದವನು ತೀರ್ಮಾನ ಕೊಟ್ಟ."

ಎಷ್ಟೋ ವರ್ಷದಿಂದ ಈ ಮನುಷ್ಯ ಯುದ್ಧದ ಬಗ್ಗೆ ಮಾತೇ ಆಡಿರಲಿಲ್ಲ. ಅವತ್ತು ಬಾಯಿ ಮುಚ್ಚಲಿಲ್ಲ. ನನಗೆ ಆ ಮಾತುಗಳನ್ನು ಕೇಳಿ ಖುಷಿಯೂ ಆಯಿತು, ಇಷ್ಟು ದಿನ ಕೇಳಿರಲಿಲ್ಲವಲ್ಲ ಎಂದು ಸಿಟ್ಟೂ ಬಂತು. ನಾನು ಹುಟ್ಟುವ ಮೊದಲು ಅಪ್ಪ ಇಷ್ಟು ತರಲೆಯಾಗಿದ್ದ ಎಂದು ನನಗೆ ಯಾರೂ ಹೇಳಿರಲಿಲ್ಲ.

"ಬಿಜಾಪುರದಾವ ಯಾಂವ್ರೀ ಇದ್ರಾಗ?" ಎಂದು ಕೆಳಗಿನ ಮನೆಯವಳು ಕೇಳಿದಳು.

ಅಪ್ಪ ಟೀವಿಯ ಹತ್ತಿರ ಹೋಗಿ ತೋರಿಸಿದ. ಒಂದರಲ್ಲಿ ಬರೀ ಬೆನ್ನು. ಇನ್ನೊಂದರಲ್ಲಿ ತಲೆ ಪೂರ್ತಿ ಡೇಕ್ಸಾದ ಒಳಗೆ. ಮತ್ತೊಂದರಲ್ಲಿ ಕೈಕಾಲು ಮುಖ ಎಲ್ಲ ಕಲಸಿದಂತೆ, ಯಾರೋ ಒದ್ದೆ ಬಟ್ಟೆಯಿಂದ ಒರೆಸಿದ ಹಾಗೆ. "ಒಂದ್ ಗಳಿಗೆ ನಿಂತಲ್ಲಿ ನಿಲ್ತಿರ್ಲಿಲ್ಲ ಬಡ್ಡೀಮಗ. 'ಏ ನೆಲಮಂಗಲ, ಲಗೂ ಒತ್ತೋ ಮಾರಾಯ, ನನ್ನ ಕಾಲು ಕೇಳಂಗಿಲ್ಲ' ಅನ್ನೋನು. ನಾನು ಒತ್ತೋದ್ರೊಳಗೆ ಹೋಗಿಬಿಟ್ಟಿರೋನು." ಟೀವಿಯ ಮೇಲಿನ ಬೆರಳು ತೆಗೆದು, "ನೆಟ್ಟಗೆ ನಿಂತಿದ್ದು ಒಂದೇ ಸಲ," ಅಂದ.

ಅಷ್ಟರಲ್ಲಿ ವಾಲಿಬಾಲ್ ಆಡುವ ಚಿತ್ರ ಬಂತು. ಲುಂಗಿ ಎತ್ತಿ ಕಟ್ಟಿದ ಒಂದು ಹಿಂಡು ಗಂಡಸರು, ಚೆಂಡು ಮರದ ಮೇಲೆ. ಅಪ್ಪನ ಮುಖ ಬದಲಾಯಿತು. "ನಿಲ್ಸು. ಇದಾದ್ಮೇಲೆ ಅದೇ ಇದ್ದದ್ದು. ನಿಲ್ಸು."

"ಅದು ಇದ್ರಲ್ಲಿ ಇಲ್ಲ ಅಪ್ಪಾ..."

"ನಿಲ್ಸು ಅಂದ್ರೆ ನಿಲ್ಸಮ್ಮೀ!"

ನಾನು ರಿಮೋಟು ಒತ್ತಿದೆ. ಟೀವಿಯ ಸದ್ದು ಹೆಚ್ಚಾಯಿತು. ಅದರ ಜೊತೆಗೆ ಎಲ್ಲಿಂದಲೋ ಸಂಗೀತ ಶುರುವಾಯಿತು, ಹುಟ್ಟುಹಬ್ಬದ ಪಾರ್ಟಿಗೆ ಹಾಕುವಂಥದ್ದು. ಇನ್ನೊಂದು ಒತ್ತಿದೆ. ಪರದೆಯ ತುಂಬ ತಮಿಳಿನಲ್ಲಿ ಏನೇನೋ ಬಂತು. ಅಮ್ಮ ನನ್ನ ಕೈಯಿಂದ ರಿಮೋಟು ಕಿತ್ತುಕೊಂಡು ಎಲ್ಲ ಗುಂಡಿಗಳನ್ನೂ ಒಟ್ಟಿಗೆ ಒತ್ತಿದಳು. ಕೆಳಗಿನ ಮನೆಯವಳು "ಪ್ಲಗ್ ಕೀಳ್ರೀ ಅಕ್ಕಾರ, ಪ್ಲಗ್!" ಎಂದು ಕೂಗಿದಳು. ಪ್ಲಗ್ಗು ಬೀರುವಿನ ಹಿಂದಿತ್ತು. ನಾನು ಬೀರುವಿನ ಸಂದಿಯಲ್ಲಿ ಭುಜದವರೆಗೆ ಕೈ ತೂರಿಸಿ ತಡಕಾಡುತ್ತಿದ್ದಾಗ ಹಿಂದಿನಿಂದ ಎಲ್ಲರ ಸದ್ದು ನಿಂತಿತು. ಸಂಗೀತ ಮಾತ್ರ ಕುಣಿಯುತ್ತಿತ್ತು. ತಿರುಗಿ ನೋಡಿದರೆ ಅಪ್ಪ ಹೆಗಲ ಮೇಲಿನ ಟವೆಲ್ಲನ್ನು ಮುಖದ ಮೇಲೆ ಎಳೆದುಕೊಂಡು ಕೂತಿದ್ದ. ಟೀವಿಯಲ್ಲಿ ಮೂರು ಜನ ಸಾಲಾಗಿ ನಿಂತಿದ್ದರು. ಮೇಕೆಯಿಲ್ಲ, ಡೇಕ್ಸಾ ಇಲ್ಲ, ದಿಂಬಿಲ್ಲ. ಸ್ಟುಡಿಯೋದವರು ಬಿಟ್ಟಿರಲಿಲ್ಲ.

ಅಪ್ಪನಿಗೆ ಏನಾದರೂ ಆಗಿಬಿಟ್ಟರೆ ಎಂದು ನಿಜವಾಗಿಯೂ ಹೆದರಿದೆ. ಅಮ್ಮ ಮಾತ್ರ ಕನ್ನಡಕ ಸರಿಮಾಡಿಕೊಂಡು ಟೀವಿಯ ಹತ್ತಿರ ಹೋಗಿ, ಮಾರ್ಕೆಟ್ಟಿನಲ್ಲಿ ಬದನೆಕಾಯಿ ನೋಡುವ ಹಾಗೆ ನೋಡಿದಳು.

"ರೀ. ನಡುವೆ ಇರೋರು ಹಾಸನದವರಲ್ವಾ?"

ಟವೆಲ್ಲು ಅಲ್ಲಾಡಲಿಲ್ಲ.

"ಹಾಸನದವರೇ ಕಣ್ರೀ. ಕಿವಿ ನೋಡಿ. ಆ ಕಿವಿ ಇನ್ಯಾರಿಗೆ ಇರುತ್ತೆ?"

ನಾನೂ ನೋಡಿದೆ. ಅವರೇ. ಪ್ರತಿ ವರ್ಷ ನಮ್ಮ ಮನೆಗೆ ಬಂದು, ಮುದ್ದೆ ಉಂಡು, ಅಡ್ಡ ಮಲಗಿ ಗೊರಕೆ ಹೊಡೆದು ಹೋಗುವ ಅದೇ ಹಾಸನದವರು, ಅದೇ ಬಾಗಿಲು ತೆರೆದಂಥ ಕಿವಿ. ಎದೆಯುಬ್ಬಿಸಿ ಮೂವರ ನಡುವೆ ನಿಂತಿದ್ದರು. ಬಲಕ್ಕೆ ಸೇಲಂ. ಎಡತುದಿಯಲ್ಲಿ, ಅರ್ಧ ಭುಜ ಚಿತ್ರದಿಂದ ಆಚೆಗೆ, ತಳ್ಳಿಸಿಕೊಂಡು ಬ್ಯಾಲೆನ್ಸ್ ತಪ್ಪಿದವನಂತೆ ವಾಲಿ ನಗುತ್ತಿದ್ದವನು ಇನ್ನೊಬ್ಬ.

ಅಪ್ಪ ಟವೆಲ್ಲು ತೆಗೆದ. ಎದ್ದು ಟೀವಿಗೆ ಮೂಗು ತಾಗುವಷ್ಟು ಹತ್ತಿರ ಹೋದ. "ಸುಳ್ಳು," ಅಂದ. "ನಾನೇ ಅವನ್ನ ನಡುಕ್ ನಿಲ್ಸಿದ್ದೆ. ಭುಜ ಹಿಡಿದು ನಿಲ್ಸಿದ್ದೆ. ಆ ಸ್ಟುಡಿಯೋದವನು ಉಲ್ಟಾ ಹಾಕವ್ನೆ."

"ಅಪ್ಪಾ, ಉಲ್ಟಾ ಹಾಕಿದ್ರೂ ನಡುವೆ ಇರೋರು ನಡುವೇನೇ ಇರ್ತಾರೆ."

ಅಪ್ಪ ನನ್ನನ್ನು ನೋಡಿದ. ಟೀವಿಯನ್ನು ನೋಡಿದ. ಆಮೇಲೆ ಫೋನು ಕೊಡು ಎಂದು ಕೈಚಾಚಿದ. ಹಾಸನಕ್ಕೆ ಫೋನು ಹಚ್ಚಿ, ಅಪ್ಪನಿಗೆ ಸರಿಯಾಗಿ ಕೇಳಿಸುವುದಿಲ್ಲವೆಂದು ಸ್ಪೀಕರಿಗೆ ಹಾಕಿದೆ. ಸ್ಪೀಕರ್ ಇಲ್ಲದಿದ್ದರೂ ನಡೆಯುತ್ತಿತ್ತು.

"ಏನ್ಲಾ ನೆಲಮಂಗಲ, ಇವತ್ತು ನೀನೇ ಫೋನ್ ಮಾಡ್ಬುಟ್ಟೆ!"

"ಲೇ, ಆ ಕಡೇ ಫೋಟೋ. ನಾನು, ನೀನು, ಬಿಜಾಪುರ, ಸೇಲಂ. ನಾನು ತೆಗೆದಿದ್ದು. ನಡುಕ್ ಯಾವನ್ಲಾ ನಿಂತಿದ್ದ?"

"ನಡುಕ್ಕಾ? ನಾನೇ ಕಣ್ಲಾ," ಎಂದರು ಹಾಸನದವರು ಒಂದು ಕ್ಷಣವೂ ತಡೆಯದೆ. "ಆಫೀಸರ್ ಸಾಯೇಬ್ರು ಯಾವಾಗ್ಲೂ ನಡುಕ್ ನಿಲ್ತಾರೆ, ನಾನೂ ಒಂದ್ಸಲ ನಿಂತ್ಕತೀನಿ ಅಂತ ಬಿಜಾಪುರದೋನ್ನ ಅತ್ಲಾಗ್ ತಳ್ಬುಟ್ಟು ಬಂದೆ. ನೀನೆಲ್ ನೋಡ್ದೆ? ನೀನು ಗುಂಡಿ ಒತ್ವಾಗ ಎಲ್ಡೂ ಕಣ್ಣು ಮುಚ್ಕತಿದ್ದೆಯಲ್ಲ!"

ಅಮ್ಮ ಅಪ್ಪನ ಕಡೆ ತಿರುಗಿದಳು. "ಎರಡೂ ಕಣ್ಣು ಮುಚ್ಕೊಂಡು ಫೋಟೋ ತೆಗೀತಿದ್ರಾ?"

"ಒಂದ್ ಕಣ್ ಮುಚ್ಚೋಕ್ಕೆ ನಂಗೆ ಬರ್ತಿರ್ಲಿಲ್ಲ," ಅಂದ ಅಪ್ಪ ಸಣ್ಣ ದನಿಯಲ್ಲಿ.

ಅಷ್ಟರಲ್ಲಿ ಆ ಕಡೆಯಿಂದ ಹಾಸನದವರಿಗೆ ಏನೋ ಹೊಳೆದಿರಬೇಕು. "ಅಲ್ಲ ಕಣ್ಲಾ, ಅದ್ರಲ್ಲಿ ನಾಕನೇದು ಏನಿತ್ತು? ಮೇಕೆನಾ?"

"ಏನೂ ಇರ್ಲಿಲ್ಲ."

"ಏನೂ ಇರ್ಲಿಲ್ವಾ? ಸರ್ಯಾಗ್ ನೋಡ್ಲಾ! ಮೂಲೇಲಿ ನಾಯಿ ಗೀಯಿ ಏನಾರ ಇದ್ದಾತು. ಅಂಗಾದ್ರೆ ನಾನು ನಡುಕ್... ಅಯ್ಯೋ ನಿನ್ನ! ಇದನ್ನ ಈಗ ಏಳ್ತೀಯಲ್ಲೋ!" ಫೋನಿನಿಂದ ಬಾಯಿ ತಿರುಗಿಸಿ ಹೆಂಡತಿಯನ್ನು ಕೂಗಿದರು. "ಲೇ, ಒಸಿ ಉಪ್ಪು ಮೆಣಸಿನಕಾಯಿ ತಕ್ಕಬಾರೆ! ಬೇಗ ದೃಷ್ಟಿ ತೆಗಿ! ನಂಗೆ ಕಂಟಕ ಐತಂತೆ!"

ದೂರದಿಂದ ಅವರ ಹೆಂಡತಿಯ ದನಿ ಕೇಳಿಸಿತು. "ಮೊಮ್ಮಕ್ಕಳ ಮದ್ವೆ ಆಗೈತೆ, ಇನ್ನೆಂಥಾ ಕಂಟಕ ನಿಮ್ಗೆ? ಸುಮ್ಕೆ ಬಿದ್ಕಳಿ!"

ನಾವೆಲ್ಲ ಬಿದ್ದು ಬಿದ್ದು ನಕ್ಕೆವು. ಕೆಳಗಿನ ಮನೆಯವಳಿಗೆ ಕಣ್ಣಲ್ಲಿ ನೀರೇ ಬಂತು. ನನಗಂತೂ ಹೊತ್ತುಕೊಂಡಿದ್ದ ಏನೋ ಇಳಿದ ಹಾಗಾಯಿತು. ಮುಗಿಯಿತಲ್ಲ, ಇಷ್ಟು ವರ್ಷದ ಸಂಕಟ ಒಂದು ಜೊತೆ ಕಿವಿಯಿಂದ ಮುಗಿದುಹೋಯಿತಲ್ಲ ಎಂದುಕೊಂಡೆ. ಇವತ್ತಿನಿಂದ ಅಪ್ಪ ನಿಶ್ಚಿಂತೆಯಾಗಿ ನಿದ್ದೆ ಮಾಡುತ್ತಾನೆ ಎಂದು ಅಮ್ಮನ ಕಡೆ ನೋಡಿ ಸನ್ನೆಯನ್ನೂ ಮಾಡಿದೆ.

ಅಪ್ಪ ನಗುತ್ತಿರಲಿಲ್ಲ. ಫೋನನ್ನು ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದ.

"ಅಂಗಾದ್ರೆ ಬಿಜಾಪುರ ಯಾಕ್ಲಾ ಸತ್ತ?"

ಹಾಸನದವರು ಕಿರುಚಲಿಲ್ಲ. ಆ ಮನುಷ್ಯ ಕಿರುಚದೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. ಮಾಮೂಲಿ ಮನುಷ್ಯರ ದನಿಯಲ್ಲಿ, ಮೆಲ್ಲಗೆ ಹೇಳಿದರು. "ರಸ್ತೇಲಿ ಮೈನ್ ಇತ್ತು ಕಣ್ಲಾ. ಅವನ ಲಾರಿ ಅದ್ರ ಮ್ಯಾಕೆ ಓಯ್ತು."

"ಅಷ್ಟೇನಾ?"

"ಅಷ್ಟೇಯ. ಅವತ್ತು ನಾವೂ ಅದೇ ರಸ್ತೇಲಿ ಓಗಿದ್ವಿ. ನೀನೂ ಓಗಿದ್ದೆ, ನಾನೂ ಓಗಿದ್ದೆ. ಚಕ್ರ ಒಂದ್ ಗೇಣು ಅತ್ಲಾಗ್ ಓಯ್ತು, ಒಂದ್ ಗೇಣು ಇತ್ಲಾಗ್ ಓಯ್ತು. ಇನ್ನೇನೂ ಇಲ್ಲ ಕಣ್ಲಾ."

"ಸುಮ್ನೆ ಸತ್ನಾ ಅಂಗಾದ್ರೆ?"

"ಸುಮ್ನೇಯ," ಅಂದರು ಹಾಸನದವರು.

ಅಪ್ಪ ಫೋನು ನನ್ನ ಕೈಗೆ ಕೊಟ್ಟ. ನಾನು ಅಂದುಕೊಂಡಿದ್ದ ನಿಶ್ಚಿಂತೆ ಅವನ ಮುಖದಲ್ಲಿ ಎಲ್ಲೂ ಇರಲಿಲ್ಲ. ಸಂತೆಯಲ್ಲಿ ಕೈಬಿಟ್ಟುಹೋದ ಮಗುವಿನ ಹಾಗೆ ಅತ್ತ ಇತ್ತ ನೋಡಿದ. ತನ್ನ ತಪ್ಪು ಎಂದುಕೊಂಡಿದ್ದಷ್ಟು ದಿನ ಆ ಸಾವಿಗೆ ಒಂದು ಕಾರಣವಾದರೂ ಇತ್ತು. ಅದನ್ನು ನಾವು ನಗುತ್ತಾ ಕಿತ್ತುಕೊಂಡಿದ್ದೆವು. ನನಗೆ ಬಹಳ ಸಂಕಟವಾಯಿತು. ಕೆಳಗಿನ ಮನೆಯವಳು ಎದ್ದು ಹೋಗಿ, ಹೇಗೋ ಏನೋ, ಆ ಹಾಳು ಸಂಗೀತವನ್ನು ನಿಲ್ಲಿಸಿದಳು. ಚಿತ್ರ ಹಾಗೇ ನಿಂತಿತು.

ಅಪ್ಪ ಮತ್ತೆ ಟೀವಿಯ ಹತ್ತಿರ ಹೋದ. ಈ ಸಲ ನಡುವಿನವರನ್ನು ನೋಡಲಿಲ್ಲ. ಎಡತುದಿಗೆ ಸರಿದು, ವಾಲಿಕೊಂಡು ನಗುತ್ತಿದ್ದವನ ಮುಖದ ಎದುರು ನಿಂತ. ಆ ಮುಖವನ್ನು ಕಾಣದೆ ಅವನಿಗೆ ಐವತ್ತು ವರ್ಷದ ಮೇಲಾಗಿತ್ತು. ಅಪ್ಪನ ನೆನಪಿನಲ್ಲಿ ಬಿಜಾಪುರದವನಿಗೂ ಅಪ್ಪನ ಜೊತೆಗೇ ವಯಸ್ಸಾಗುತ್ತಾ ಬಂದಿತ್ತೋ ಏನೋ. ಕನ್ನಡಕ ತೆಗೆದು ಪಂಚೆಯಲ್ಲಿ ಒರೆಸಿ, ಮತ್ತೆ ಹಾಕಿಕೊಂಡು ನೋಡಿದ.

"ಮೀಸೇನೇ ಸರ್ಯಾಗಿ ಬಂದಿಲ್ವಲ್ಲೇ ಇವನ್ಗೆ," ಅಂದ ಅಮ್ಮನ ಕಡೆ ತಿರುಗಿ. ಆಮೇಲೆ ಅಲ್ಲೇ ನೆಲದ ಮೇಲೆ ಕೂತು ಅತ್ತ.